ಹದಿನೇಳನೆಯ ತೂತು

ಸೀತಾಂಗೋಳಿಯ ಏರಿನಲ್ಲಿ ಮೂರು ಕಾಲಿನ ಕಬ್ಬಿಣ
ನಿಂತು ಇವತ್ತಿಗೆ ನಾಲ್ಕು ದಿನ.
ಕುಂಬಳೆಯಿಂದ ಬದಿಯಡ್ಕಕ್ಕೆ ಹಗುರ ರೈಲು ಬರುತ್ತದಂತೆ,
ಬರಲಿ. ಹಗುರ ಎಂಬುದನ್ನು
ನೆಲಕ್ಕೆ ಯಾರೂ ಹೇಳಿಲ್ಲ.
ಅದಕ್ಕೆ ಕಂಬ ಕಂಬವೇ.

ನನ್ನ ಕೆಲಸ ಎಣಿಸುವುದು.
ಅರವತ್ತಮೂರೂವರೆ ಕಿಲೋದ ಸುತ್ತಿಗೆ
ಮುಕ್ಕಾಲು ಮೀಟರ್ ಏರುತ್ತದೆ, ಬೀಳುತ್ತದೆ. ಒಂದು.
ಸೆಲ್ವಮಣಿ ಮತ್ತೆ ಹಗ್ಗ ಎಳೆಯುತ್ತಾನೆ. ಎರಡು.
ಹದಿನೈದು ಸೆಂಟಿಮೀಟರಿಗೊಂದು ಸೀಮೆಸುಣ್ಣದ ಗೆರೆ;
ಮೊದಲ ಹದಿನೈದು ಲೆಕ್ಕಕ್ಕಿಲ್ಲ,
ಅದು ನೆಲದ ಉಪಚಾರ,
ಬಂದವರಿಗೆ ಕೊಡುವ ಬೆಲ್ಲ ನೀರು.
ಮಾತು ಶುರುವಾಗುವುದು ಆಮೇಲೆ.

ಮುರಕಲ್ಲು ಐವತ್ತು ಏಟಿಗೂ ಬಗ್ಗಲಿಲ್ಲ,
ಟಣ್ ಎಂದು ಸುತ್ತಿಗೆಯನ್ನೇ ವಾಪಸು ಕಳಿಸಿತು.
ಕೊರೆದು ದಾಟಿದರೆ ಅದರಡಿಗೆ ಶೇಡಿ ಮಣ್ಣು:
ಬಿಳಿ, ಗುಲಾಬಿ, ಅರಸಿನ,
ಮದುಮಗಳ ಕಪಾಟು ತೆರೆದ ಹಾಗೆ.
ಒಣಗಿದ್ದರೆ ಗೋಡೆ,
ನೀರು ಮುಟ್ಟಿತೋ, ಮಜ್ಜಿಗೆ.
ಪುಸ್ತಕದಲ್ಲಿ ಇದಕ್ಕೆ ಉದ್ದದ ಹೆಸರುಂಟು.
ನನ್ನ ಅಜ್ಜಿ ಇದನ್ನು ಕಲಸಿ ಹೊಸ್ತಿಲಿಗೆ ಗೆರೆ ಎಳೆಯುತ್ತಿದ್ದಳು,
ಮೇಲೆ ಮನೆ ಕಟ್ಟುತ್ತಿರಲಿಲ್ಲ.

ಎಂಟು ನಲವತ್ತರ ಆಳದಲ್ಲಿ ನೀರು ಕಾಣೆಯಾಯಿತು.
ಪಂಪು ಕುಡಿಸುತ್ತಿದೆ, ತೂತು ಕುಡಿಯುತ್ತಿದೆ,
ಬಾಯಿಗೆ ಹಿಂತಿರುಗಿ ಒಂದು ಹನಿ ಇಲ್ಲ.
ಸೆಲ್ವಮಣಿ ನನ್ನ ಮುಖ ನೋಡಿದ.
ಕೊಳವೆ, ಏಟಿಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ,
ಸರ್ರನೆ ತಾನಾಗಿ ಇಳಿದು
ಹತ್ತು ಹದಿನೈದಕ್ಕೆ ಹೋಗಿ ನಿಂತಿತು.
ಎಣಿಸುವವಳ ಬಾಯಲ್ಲಿ ಸೊನ್ನೆ.

ಅಷ್ಟರಲ್ಲಿ ಗುಡ್ಡದ ಬುಡದಿಂದ ಕೂಗು.
ಬೀಪಾತುಮ್ಮ ಏದುಸಿರು ಬಿಡುತ್ತ ಕೊಡ ತಂದಿಟ್ಟರು:
ತೊಟ್ಟಿಯ ನೀರೆಲ್ಲ ಹಾಲಿನ ಬಣ್ಣ,
ಯಾರು ಕುಡಿಯಬೇಕು ಇದನ್ನು?

ಅವರ ಬೆನ್ನಿಗೇ ತನಿಯಪ್ಪಣ್ಣ.
ಮೊಣಕಾಲೆರಡೂ ಮಡಿಸಲಾಗದು ಈಗ,
ಪ್ರಾಯವಿದ್ದಾಗ ಮಡಿಸಿಯೇ ಇದ್ದದ್ದಕ್ಕೆ.
ಕೋಲೂರಿ ಬಗ್ಗಿ ತೂತಿಗೆ ಕಿವಿ ಕೊಟ್ಟರು,
ಬಹಳ ಹೊತ್ತು.
"ಇದು ನನ್ನದು ಮಾರಾಯ್ತಿ.
ತೊಂಬತ್ತು ಕೋಲಿನ ಸುರಂಗ.
ಎಂಬತ್ತೆರಡರಲ್ಲಿ ಎಡಕ್ಕೆ ತಿರುಗಿದೆ, ಒರತೆ ಸಿಕ್ಕಿತು.
ತೊಂಬತ್ತಕ್ಕೆ ಮೇಣದಬತ್ತಿ ನಂದಿತು.
ಅಲ್ಲಿಗೆ ಬಿಟ್ಟೆ."

ಒಂದು ಕೋಲು ಅಂದರೆ ಎಷ್ಟು, ಕೇಳಿದೆ.
ಅವರು ತೂಗುತ್ತಿದ್ದ ಸುತ್ತಿಗೆಯನ್ನೂ
ಅದು ಬೀಳುವ ಜಾಗವನ್ನೂ ನೋಡಿ,
ನಡುವಿನ ಗಾಳಿಯನ್ನು ಎರಡು ಅಂಗೈಯಲ್ಲಿ ಹಿಡಿದು
"ಇಗಾ, ಇಷ್ಟು" ಅಂದರು.
ಟೇಪು ಹಿಡಿದೆ.
ಮೂರು ಸೆಂಟಿಮೀಟರ್ ವ್ಯತ್ಯಾಸ.

ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಅಗಲ ಅವರ ದಾರಿ,
ನನ್ನ ತೂತು ಅಂಗೈಯಷ್ಟು.
ನಕ್ಷೆಯ ಚುಕ್ಕೆ ಒಂದು ಹೆಜ್ಜೆ ಆಚೆ ಬಿದ್ದಿದ್ದರೆ
ನಾನು ನಾಲ್ಕು, ಐದು, ನಾಲ್ಕು ಎಂದು ಬರೆದುಕೊಂಡು ಹೋಗುತ್ತಿದ್ದೆ,
ನಲವತ್ತೊಂದನೆಯ ಕಂಬ
ಅವರ ಕತ್ತಲೆಯ ಮೇಲೆ ಒಂದು ಕಾಲಿಡುತ್ತಿತ್ತು.

ಸಂಜೆ ಮರದ ಪೆಟ್ಟಿಗೆಯಲ್ಲಿ ಕಲ್ಲು ಮಣ್ಣು ಜೋಡಿಸಿದೆ,
ಬಂದ ಆಳದ ಸರಣಿಯಲ್ಲೇ.
ಎಂಟು ನಲವತ್ತರಿಂದ ಇಡಲು ಏನೂ ಇಲ್ಲ,
ನಿಯಮದಂತೆ ಖಾಲಿಗೆ ಒಂದು ಮರದ ತುಂಡು.
"ನನ್ನ ಪಾಲು ಬೇರೆ ಇಟ್ಟೆಯಲ್ಲ" ಎಂದು ನಕ್ಕರು ತನಿಯಪ್ಪಣ್ಣ.
ಷರಾದಲ್ಲಿ ಮೊದಲು 'ಪೊಳ್ಳು' ಎಂದು ಬರೆದೆ, ಹೊಡೆದು ಹಾಕಿದೆ,
'ಸುರಂಗ. ತೋಡಿದವರು ತನಿಯಪ್ಪ. ನೀರು ಇದೆ.'
ಕಚೇರಿಯವರು ವರದಿಯಲ್ಲಿ
ಕೊನೆಯದನ್ನಷ್ಟೇ ಉಳಿಸಿಕೊಂಡರು,
ಕಂಬವನ್ನು ಆರು ಮೀಟರ್ ಸರಿಸಿದರು.

ತಿಳಿಯಾಗುವುದು ಯಾವಾಗ, ಬೀಪಾತುಮ್ಮ ಕೇಳಿದ್ದರು.
ಬುಧವಾರ ಅಂದಿದ್ದೆ, ಗೊತ್ತಿಲ್ಲದೆ.
ಬೆಳಿಗ್ಗೆ ಯಂತ್ರ ಬಿಚ್ಚುವಾಗ ನೋಡಿದರೆ
ಅವರು ಬಿಟ್ಟುಹೋದ ಕೊಡ ಅಲ್ಲೇ ಇತ್ತು.
ತಳದಲ್ಲಿ ಎರಡು ಬೆರಳು ಶೇಡಿ,
ಮೇಲೆ ನೀರು,
ಅದರಲ್ಲಿ ಸುತ್ತಿಗೆ ತಲೆಕೆಳಗಾಗಿ ತೂಗುತ್ತಿತ್ತು.